ಮೂಗ್

ಮರ್ಥರ್ ಆಸ್ಪತ್ರೆಯ ಗೇಟಿನ ಬಳಿ
ನೆಲಕ್ಕೆ ಹಳದಿ ಗೆರೆ ಬಳಿದಿದ್ದಾರೆ.
ಗೆರೆಯ ಈಚೆ ವೇಲ್ಸಿನ ಕಾನೂನು.
ಆಚೆ ಬಸ್ ನಿಲ್ದಾಣ, ಅಡ್ಡಗಾಳಿ,
ಸೇದುವವರ ಸ್ವರಾಜ್ಯ.

ಬೋರ್ಡಿನಲ್ಲಿ ವೆಲ್ಷ್ ಮೇಲೆ, ಇಂಗ್ಲಿಷ್ ಕೆಳಗೆ.
ಕೆಲಸಕ್ಕೆ ಸೇರಿದ ದಿನ ಅದನ್ನು ಕಂಡು
ಏನು ಬರೆದಿದೆ ಅಂತ ಓದುವ ಮೊದಲೇ ಖುಷಿಪಟ್ಟಿದ್ದೆ.
ಬರೆದದ್ದು ಇಷ್ಟೇ:
ಇಲ್ಲಿ ಹೊಗೆ ಕೂಡದು, ದಂಡ ನೂರು ಪೌಂಡು.

ಕಂಬದಲ್ಲಿ ಒಂದು ಕೆಂಪು ಗುಂಡಿ.
ಯಾರಾದರೂ ಗೆರೆಯೊಳಗೆ ಲೈಟರ್ ಗೀರಿದರೆ
ಜಗಳ ಬೇಡ, ಉಪದೇಶ ಬೇಡ,
ಒತ್ತಿ, ನಡೆದುಬಿಡಿ: ನಮಗೆ ಕೊಟ್ಟ ತರಬೇತಿ.
ಆಗ ಮೇಲಿನ ಸ್ಪೀಕರಿನಿಂದ ಒಂದು ಮಗು
ಎರಡು ಭಾಷೆಯಲ್ಲಿ ಕೇಳಿಕೊಳ್ಳುತ್ತದೆ,
ದಯವಿಟ್ಟು ಇಲ್ಲಿ ಸೇದಬೇಡಿ,
ಕಿಟಕಿಯಾಚೆ ನನ್ನಂಥವರು ಮಲಗಿದ್ದಾರೆ.
ಕೊನೆಗೆ ಥ್ಯಾಂಕ್ಯೂ ಅನ್ನುವ ಮುಂಚೆ
ಸೊರ್ ಅಂತ ಮೂಗೆಳೆಯುತ್ತದೆ.
ರೆಕಾರ್ಡ್ ಮಾಡಿದ ದಿನ ನೆಗಡಿಯಿತ್ತೇನೋ.

ನನಗೆ ಆ ಗುಂಡಿ ಒತ್ತುವುದೆಂದರೆ ಮುಜುಗರ.
ನನ್ನ ನರ್ಸಿಂಗ್ ಫೀಸು ಕಟ್ಟಿದ್ದು
ಬಂಟ್ವಾಳದಲ್ಲಿ ಅಮ್ಮ ಕಟ್ಟಿದ ಬೀಡಿ.
ದಿನಕ್ಕೆ ಎಂಟುನೂರು,
ಮಡಿಲಲ್ಲಿ ಗೆರಸೆ, ಉಗುರಲ್ಲಿ ಎಲೆಯ ಕಪ್ಪು.
ಒಂದನ್ನೂ ತುಟಿಗಿಟ್ಟವಳಲ್ಲ.
ಕೆಮ್ಮು ಮಾತ್ರ ಅವಳದೇ.

ಇನ್ನು ಇದ್ವಲ್ ಪ್ರಾಸರ್.
ಆರನೇ ವಾರ್ಡು, ಕಿಟಕಿ ಪಕ್ಕದ ಮಂಚ.
ಇಪ್ಪತ್ತು ವರ್ಷ ಕಲ್ಲಿದ್ದಲ ಗಣಿ, ಆಮೇಲೆ ಹಾಲಿನ ಲಾರಿ,
ಈಗ ಅರ್ಧ ಶ್ವಾಸಕೋಶ.
ಜನವರಿಯ ಒಂದು ಮಧ್ಯಾಹ್ನ ಮಂಚ ಖಾಲಿ.
ಕೆಳಗೋಡಿದೆ.
ಗಾಲಿಕುರ್ಚಿಯಲ್ಲಿ ಮುದುಕ, ಗೆರೆಯ ಈಚೆಗೇ,
ಬೆರಳ ಸಂದಿಯಲ್ಲಿ ಸಿಗರೇಟು.
ನಾನು ಗುಂಡಿಗೆ ಕೈಚಾಚುವಷ್ಟರಲ್ಲಿ
ಅವನ ಹೆಬ್ಬೆರಳು ಅಲ್ಲೇ ಇತ್ತು.
ಸಿಗರೇಟಿಗೆ ಬೆಂಕಿ ಇರಲಿಲ್ಲ.

ಮಗು ಹೇಳಿ ಮುಗಿಸಿತು.
ಅವನು ಮತ್ತೆ ಒತ್ತಿದ.

'ನೆರಿಸ್,' ಅಂದ. 'ಮಗಳ ಮಗಳು.
ಕಾನೂನು ಬಂದ ವರ್ಷ ಶಾಲೆಯಲ್ಲಿ ಆರಿಸಿದರು,
ಎಂಟು ವಯಸ್ಸು, ಊರಿಗೆಲ್ಲ ಬುದ್ಧಿ ಹೇಳುವ ದನಿ.
ಈಗ ಹದಿಮೂರು.
ಹೋದ ವಾರ ಅದೇ ಊರಿನ ಶಾಲೆಯ ಟಾಯ್ಲೆಟ್ಟಿನಲ್ಲಿ
ಮಾವಿನ ವಾಸನೆಯ ವೇಪ್ ಎಳೆದು ಸಿಕ್ಕಿಬಿದ್ದಳು.
ಮೂರು ದಿನ ಮನೆಯಲ್ಲೇ. ಯಾರ ಜೊತೆಗೂ ಮಾತಿಲ್ಲ.
ನಾನು ಬೈದೆ, ನೋಡು. ನಾನು!'
ನಗು ಕೆಮ್ಮಾಯಿತು,
ಕೆಮ್ಮು ಮುಗಿಯುವವರೆಗೆ ಬೆನ್ನು ಹಿಡಿದುಕೊಂಡೆ.

ಕುರ್ಚಿ ತಿರುಗಿಸುವಾಗ, ಮಾತು ಬದಲಿಸಲೆಂದು,
ವೆಲ್ಷಿನಲ್ಲಿ ಹೊಗೆಗೆ ಏನಂತೀರಿ ಅಂದೆ.
'ಮೂಗ್.'
ತಡೆಯಲಾಗದೆ ನಕ್ಕುಬಿಟ್ಟೆ.
ನಮ್ಮಲ್ಲಿ ಮೂಗು ಅಂದರೆ ಇದು, ಅಂತ ತೋರಿಸಿದೆ.
ಮುದುಕ ತನ್ನ ಮೂಗನ್ನು ಹಿಡಿದು ಯೋಚಿಸಿದ,
'ದೂರವೇನಿಲ್ಲ ಬಿಡು,' ಅಂದ.

ಅಷ್ಟರಲ್ಲಿ ಬಸ್ಸಿನಿಂದಿಳಿದ ಹೆಂಗಸೊಬ್ಬಳು
ಅವನ ಕೈಯ ಸಿಗರೇಟು ಕಂಡು
ಹುಬ್ಬು ಗಂಟಿಕ್ಕಿ, ಗುಂಡಿ ಒತ್ತಿ ಹೋದಳು.
ದಯವಿಟ್ಟು ಇಲ್ಲಿ, ಅಂತ ಶುರುವಾಯಿತು.
ಇದ್ವಲ್ ಬೆರಳೆತ್ತಿ ನನ್ನನ್ನು ನಿಲ್ಲಿಸಿದ:
ತಾಳು,
ಈಗ ಬರುತ್ತೆ,
ಈಗ.