ಕತ್ತಿ

ಬೆಟಗೇರಿ ಚರ್ಚಿನ ಹಿಂದಿನ ಕೋಣೆ. ಭಾನುವಾರದ ಮಕ್ಕಳು
ಬೆಂಚಿನ ಸುತ್ತ ಏಳು ಸುತ್ತು ಹಾಕಿ
ತಗಡಿನ ಪೀಪಿ ಊದಿದರು;
ಸೀಮೆಸುಣ್ಣದ ಡಬ್ಬಿಗಳ ಯೆರಿಕೋ ದಡದಡ ಬಿತ್ತು.
ಎಲ್ಲರೂ ಹೋ ಎಂದರು. ನಾನೂ.
ಆಮೇಲೆ ಮುಂದಿನ ಸಾಲು ಓದಲೇಬೇಕಾಯಿತು:
ಊರೊಳಗಿನ ಮುದುಕರು, ಕೂಸುಗಳು, ಎತ್ತು, ಕುರಿ, ಕತ್ತೆ,
ಉಸಿರಾಡುವುದೆಲ್ಲ ಕತ್ತಿಯ ಬಾಯಿಗೆ.

ನೇಕಾರ ಪ್ರಭುದಾಸನ ಮೊಮ್ಮಗಳು ಸುಶಾಂತಿ,
ಉಗುರಲ್ಲಿ ಇನ್ನೂ ನೂಲಿನ ಬಣ್ಣ, ಎದ್ದು ನಿಂತು ಕೇಳಿದಳು:
‘ಕತ್ತಿ ಏನ ಮಾಡಿತ್ರಿ ಸರ?’
‘ಕಡೀತವ್ವ’ ಅಂದೆ.
‘ಆ ಕತ್ತಿ ಅಲ್ರಿ. ಹೊಂಡದ ದಂಡ್ಯಾಗ ಮೇಯ್ತದಲ್ರಿ, ಆ ಕತ್ತಿ.
ಅದು ಏನ ತಪ್ಪ ಮಾಡಿತ್ತು?’

ನಮ್ಮ ಕಡೆಯ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು.
ಉಳಿದವರು ನಕ್ಕರು. ನಾನು ‘ದೇವರ ಚಿತ್ತ’ ಅಂದೆ,
ಮುಚ್ಚಳ ಹಾಕಿದ ಹಾಗೆ.

ಮಧ್ಯಾಹ್ನ ರೊಟ್ಟಿ ಆರಿತು. ಟ್ರಂಕಿನಿಂದ ತೆಗೆದೆ
ಸೆಮಿನರಿಯ ಹಳೆಯ ನೋಟುಬುಕ್ಕು. ನನ್ನದೇ ಅಕ್ಷರ:
ಹೊಳೆಯಾಚೆ ಮೋವಾಬಿನ ಅರಸ ಕರಿಕಲ್ಲಲ್ಲಿ ಕೆತ್ತಿಸಿದ್ದಾನೆ.
ಅವನ ದೇವರು ಕೆಮೋಷನೂ ಹೀಗೆಯೇ ಮುನಿಯುತ್ತಾನೆ, ಒಲಿಯುತ್ತಾನೆ,
ಹೋಗು, ಊರು ಹಿಡಿ ಎನ್ನುತ್ತಾನೆ.
ಏಳು ಸಾವಿರ ಜೀವ ಅಲ್ಲಿ ಮುಡಿಪು.
ಸತ್ತವರು ಈಚೆಯವರು. ಶಬ್ದ ಮಾತ್ರ ಅದೇ, ಎರಡೂ ದಂಡೆಗೆ.
ಮುಡಿಪು.
ನಮ್ಮ ಮುತ್ತಜ್ಜಿ ಅರಿಶಿನದ ಅರಿವೆಯಲ್ಲಿ ಕಟ್ಟಿ
ಜಂತಿಗೆ ಸಿಕ್ಕಿಸುತ್ತಿದ್ದದ್ದು ಎರಡಾಣೆ.

ಕೆಳಗೆ ಪೆನ್ಸಿಲಿನಲ್ಲಿ: ಅಗೆದವರು ಹೇಳುತ್ತಾರೆ,
ಆ ಗೋಡೆ ಬಿದ್ದದ್ದು ಬಹಳ ಮುಂಚೆ;
ಇವರು ಬಂದರೆನ್ನುವ ಕಾಲಕ್ಕೆ ಒಳಗೆ ಯಾರೂ ಇದ್ದ ಗುರುತಿಲ್ಲ.
ಬರೆದವರೋ, ಸ್ವಂತ ಊರು ಸುಟ್ಟುಹೋಗಿ
ಪರರ ನದಿಯ ದಂಡೆಯಲ್ಲಿ ಕೂತವರು.
ಸೋತ ಕೈ ಅಷ್ಟು ದೊಡ್ಡ ಗೆಲುವು ಬರೆಯಿತು.
ಇದನ್ನು ಹತ್ತು ವರ್ಷದ ಹುಡುಗಿಗೆ ಹೇಗೆ ಹೇಳಲಿ?
ಹೇಳಿದರೂ, ಅವಳು ಕೇಳಿದ್ದು ಗೋಡೆಯ ಮಾತಲ್ಲ.

ಸಂಜೆ ಹೊಂಡದ ಕಡೆ ಹೋದೆ.
ಅಲ್ಲೊಂದು ವಾಲಿದ ವೀರಗಲ್ಲು: ಕೆಳಗೆ ಕಾಳಗ, ತುರುಗಳ ಸಾಲು;
ನಡುವೆ ವೀರನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು;
ಮೇಲೆ ಲಿಂಗ, ಅವನ ಮುಗಿದ ಕೈ.
ನಂದಿಯೊಂದನ್ನು ಬಿಟ್ಟರೆ
ದನಗಳಿಗೆ ಮೇಲಿನ ಅಂತಸ್ತಿಲ್ಲ.

ಮೈ ಕೆರೆದು ಒಂದು ಕತ್ತಿ
ಕಲ್ಲಿನ ಕತ್ತಿಗೆ ಬೆನ್ನು ತಿಕ್ಕುತ್ತ ನಿಂತಿತ್ತು,
ಕಣ್ಣು ಅರೆಮುಚ್ಚಿ.
ಎಷ್ಟು ತಲೆಮಾರಿನ ಬೆನ್ನುಗಳೋ, ಕಲ್ಲು ಅಲ್ಲಿ ನುಣ್ಣಗಾಗಿದೆ,
ಅಲಗು ಅಳಿಸಿದೆ.

ಮುಂದಿನ ಭಾನುವಾರಕ್ಕೆ ಪಾಠ ಇನ್ನೂ ಸಿಕ್ಕಿಲ್ಲ.