ಕೆಳದವಡೆ, ಎಡಗಡೆ, ಆರನೆಯದು

ಕುಶಿರೊದ ಬಂದರು ಬೀದಿಯಲ್ಲಿ
ನಾಣ್ಯ ಹಾಕಿದರೆ ತಿರುಗುವ ಲಾಂಡ್ರಿ.
ನನ್ನ ಏಪ್ರನ್ನುಗಳು ಒಣಗಲು ನಲವತ್ತು ನಿಮಿಷ.
ಹೊರಗೆ ಜುಲೈ ತಿಂಗಳ ಮಂಜು,
ಹಡಗೊಂದು ಕೂಗುತ್ತಲೇ ಇತ್ತು, ಯಾರೂ ಓಗೊಡಲಿಲ್ಲ.

ಬೆಂಚಿನ ಕೆಳಗೆ ಯಾರೋ ಬಿಟ್ಟುಹೋದ ಮಾಂಗಾ.
ಎರಡನೇ ಸಂಪುಟ. ಮೊದಲನೆಯದು ಇಲ್ಲ.
ರಟ್ಟಿನ ಮೇಲಿದ್ದದ್ದು ಸೋಯಾ ಕಲೆಯೋ, ಶಾಯಿಯೋ.
ಅಂಥದ್ದನ್ನೆಲ್ಲ ಓದುವವಳಲ್ಲ ನಾನು. ಐವತ್ತೇಳಾಯಿತು.
ಓದುವುದೆಂದರೆ ದಂತವೈದ್ಯರ ಚೀಟಿ:
ಬಣ್ಣ ಇಂಥದ್ದು, ಎತ್ತರ ಇಷ್ಟು, ಗುರುವಾರದೊಳಗೆ ಬೇಕು.

ತೆರೆದೆ. ತೆರೆದ ಕೂಡಲೇ ಒಬ್ಬ ಇನ್ನೊಬ್ಬನಿಗೆ
ದೋಣಿಯ ಲಂಗರಿನಿಂದ ಬಾರಿಸುತ್ತಿದ್ದ.

ಚಿತ್ರವೇ ಅದು? ಒಂದು ಕಣ್ಣು ಕಿವಿಯ ಜಾಗದಲ್ಲಿ,
ಕೈಗೆ ಏಳು ಬೆರಳು, ಮೊಣಕಾಲು ಹಿಂದುಮುಂದು,
ಮನೆಗಳು ಕುಡಿದವರ ಹಾಗೆ ಒಂದಕ್ಕೊಂದು ಆತು ನಿಂತಿವೆ.
ಚೌಕಟ್ಟುಗಳು ನೆಟ್ಟಗಿಲ್ಲ, ಕೆಲವೆಡೆ ಚೌಕಟ್ಟೇ ಇಲ್ಲ,
ಹೆಬ್ಬೆರಳಿನಿಂದ ಒರೆಸಿದ ಮಸಿ,
ಹೆಬ್ಬೆರಳಿನ ಗುರುತೂ ಹಾಗೇ ಅಚ್ಚಾಗಿದೆ.
ನೆತ್ತರಿಗೆಂದು ಕಪ್ಪು ಬಳಿದಿಲ್ಲ, ಹಾಳೆ ಬರಿದೇ ಬಿಟ್ಟಿದ್ದಾನೆ:
ಎಲ್ಲಿ ರಕ್ತವೋ ಅಲ್ಲಿ ಏನೂ ಇಲ್ಲ.

ಮಗು ಗೀಚಿದ್ದೋ ಹುಚ್ಚ ಗೀಚಿದ್ದೋ ಎಂದು
ಮುಚ್ಚಲಿದ್ದೆ. ಆಗ ಹಾರಿತು
ನಾಯಕನ ಬಾಯಿಂದ ಒಂದು ಹಲ್ಲು,
ಇಡೀ ಪುಟದಗಲ.

ಹಣೆಯ ಮೇಲಿದ್ದ ಕನ್ನಡಕ ಇಳಿಸಿದೆ.
ಕೆಳದವಡೆ, ಎಡಗಡೆ, ಆರನೆಯದು.
ಎರಡು ಬೇರು, ಮುಂದಿನದು ತುಸು ಹಿಂದಕ್ಕೆ ಬಾಗಿ,
ತಲೆಯ ಮೇಲೆ ಐದು ದಿಬ್ಬ, ನಡುವೆ ಕಾಲುವೆಯಂಥ ಗೀರು,
ಕೆನ್ನೆಯ ಕಡೆ ಸವೆತ: ನಿದ್ದೆಯಲ್ಲಿ ಹಲ್ಲು ಕಡಿಯುವವನ ಸವೆತ.
ಮೂವತ್ತೊಂದು ವರ್ಷದಿಂದ ಈ ಹಲ್ಲು ಮಾಡುತ್ತಿದ್ದೇನೆ,
ಸುಳ್ಳು ಹಲ್ಲು ಯಾವುದೆಂದು ನನಗೆ ಗೊತ್ತಾಗುತ್ತದೆ.
ಇದು ಸುಳ್ಳಲ್ಲ.

ಮುಖ ಬರೆಯಲು ಬಾರದವನಿಗೆ, ಅಥವಾ ಮುಖ ಬೇಡವಾದವನಿಗೆ,
ಹಲ್ಲು ಮಾತ್ರ ಇಷ್ಟು ನಿಚ್ಚಳವಾಗಿ ಹೇಗೆ ಕಂಡಿತು?
ತನ್ನದನ್ನೇ ಅಂಗೈಯಲ್ಲಿಟ್ಟುಕೊಂಡು ನೋಡಿದ್ದನೆ?

ಡ್ರೈಯರ್ ನಿಂತು ಎಷ್ಟು ಹೊತ್ತಾಯಿತೋ.
ಮೀನು ಕಾರ್ಖಾನೆಯ ಹುಡುಗ ಕೊಮೊರಿ ಬುಟ್ಟಿ ಹಿಡಿದು
"ಮಿಶೀನು ಖಾಲಿ ಮಾಡ್ತೀರಾ" ಎಂದ.
ತಡೆ ಎಂದು ಕೈ ತೋರಿಸಿದೆ. ಎಣಿಸುತ್ತಿದ್ದೆ.
ಸೇತುವೆಯ ಜಗಳದಲ್ಲಿ ನಾಲ್ಕು.
ಐಸ್ ಗೋದಾಮಿನಲ್ಲಿ ಎರಡು, ಅದರಲ್ಲೊಂದು ಅರ್ಧ ಮುರಿದದ್ದು.
ಒಡಹುಟ್ಟಿದ ಅಣ್ಣನೇ ಸುತ್ತಿಗೆ ಎತ್ತಿದ ಪುಟದಲ್ಲಿ ಆರು,
ಸಾಲಾಗಿ, ಮೇಲ್ದವಡೆಯ ಮುಂಭಾಗ,
ನಕ್ಕರೆ ಕಾಣುವ ಅಷ್ಟೂ.
ಆ ಪುಟದಲ್ಲಿ ಮಾತಿಲ್ಲ. ಸದ್ದಿನ ಅಕ್ಷರವೂ ಇಲ್ಲ.

ಹಲ್ಲು ಉದುರಿಸ್ತೀನಿ ಅನ್ನುವವರನ್ನು ಕೇಳಿದ್ದೇನೆ.
ನನ್ನ ಗಂಡನಾಗಿದ್ದವನು ಆಗಾಗ ಅನ್ನುತ್ತಿದ್ದ,
ಅಂದಂತೆ ಮಾಡಿದ್ದು ಒಂದೇ ಸಲ.
ಆ ಹಲ್ಲನ್ನು ನಾನೇ ಮಾಡಿಕೊಂಡೆ.
ಈಗಲೂ ಬಾಯಲ್ಲಿದೆ, ನೋಡಿದವರಿಗೆ ಬೇರೆ ಅನ್ನಿಸುವುದಿಲ್ಲ.
ಉದುರಿದ್ದು ಎಲ್ಲಿ ಬಿತ್ತೆಂದು
ಬಗ್ಗಿ ನೋಡಿದವರನ್ನು ಮಾತ್ರ ಕಂಡಿರಲಿಲ್ಲ.
ಈ ಮನುಷ್ಯ ಬಗ್ಗಿದ್ದಾನೆ.

ಕೊನೆಯ ಪುಟದಲ್ಲಿ ನಾಯಕ ಬಾಯಿ ತೆರೆದು ನಗುತ್ತಾನೆ.
ಉಳಿದದ್ದು ಹದಿನೈದು.
ಬುದ್ಧಿಹಲ್ಲು ಅವನಿಗೆ ಬಂದೇ ಇರಲಿಲ್ಲ,
ಅವನ ನಡತೆ ನೋಡಿದರೆ ಅದೂ ಸರಿಯೇ.

ರಾತ್ರಿ, ಗುರುವಾರದ ಕೆಲಸ ಪಕ್ಕಕ್ಕಿಟ್ಟು
ಗುಲಾಬಿ ಮೇಣ ಕಾಯಿಸಿದೆ.
ಅಳತೆ ಎಲ್ಲಿಂದ ತರಲಿ? ಅವನ ದವಡೆ
ಪುಟಕ್ಕೊಂದು ಆಕಾರ. ಇದ್ದುದರಲ್ಲೇ ತೀರ ಸೊಟ್ಟಗಿದ್ದದ್ದನ್ನು ಆರಿಸಿದೆ.
ಹದಿಮೂರು ಹಲ್ಲು. ಗುರುಗಳು ಕಲಿಸಿದ ಸಾಲು ಬಿಟ್ಟು
ಒಂದೊಂದನ್ನೂ ಅದು ವಾಲಿದ ಕಡೆಗೇ ವಾಲಿಸಿದೆ.
ವಸಡು ನುಣುಪು ಮಾಡಲಿಲ್ಲ. ಹೆಬ್ಬೆರಳು ಒತ್ತಿದಲ್ಲಿ
ಒತ್ತಿದ ಹಾಗೇ ಇರಲಿ.

ಬೆಳಗ್ಗೆ ಡಬ್ಬಿಗಳನ್ನು ಒಯ್ಯಲು ಬಂದ ಚಿಗುಸಾ ಕೇಳಿದಳು:
ಇದರ ಮೇಲೆ ರೋಗಿಯ ಹೆಸರಿಲ್ಲವಲ್ಲ?
ಇಲ್ಲೇ ಇರಲಿ ಬಿಡು, ಅಂದೆ.
ಅವನು ಇನ್ನೂ ಹೊಡೆದಾಡುತ್ತಿದ್ದಾನೆ.