ಮೀನಿನ ಪೆಟ್ಟಿಗೆಯಲ್ಲಿ ಬೆಣ್ಣೆಹಣ್ಣು

ಮರದ ಮೇಲಿರುವಷ್ಟು ದಿನ ಹಣ್ಣಾಗುವುದಿಲ್ಲ ಇದು.
ಕಿತ್ತು ಇಟ್ಟರೆ ನಾಲ್ಕು ದಿನ ಕಲ್ಲು.
ಐದನೆಯ ದಿನವೂ ಕಲ್ಲೇ.
ಆರನೆಯ ದಿನ, ನಾನು ಯಾರದೋ ರವಿಕೆಗೆ
ಕೊಕ್ಕೆ ಹಚ್ಚುತ್ತಿರುವಾಗ,
ಮೂಲೆಯ ಗೋಣಿಯೊಳಗೆ ಹೇಳದೆ ಕೇಳದೆ
ಎಲ್ಲವೂ ಒಟ್ಟಿಗೆ ಬೆಣ್ಣೆ.

ಏಳಕ್ಕೆ ಕಪ್ಪು.

ಎರಡು ಗೋಣಿ. ಮೂರು ರವಿಕೆಯ ಕೂಲಿ.
"ದುಡ್ಡು ಆಮೇಲೆ ಕೊಡುತ್ತೇನೆ, ಸದ್ಯ ಇದನ್ನಿಟ್ಟುಕೋ"
ಎಂದು ಚೋಂದವ್ವ ಜೀಪಿನಿಂದ ಇಳಿಸಿ ಹೋದದ್ದು.
ಪಿಕಪ್ಪಿನ ವ್ಯಾಪಾರಿ ಈ ವಾರ ಬರಲಿಲ್ಲವಂತೆ.
ಹಲಸಿಗಾಗಿ ಬೇಲಿ ಮುರಿಯುವ ಆನೆ ಕೂಡ
ಇದನ್ನು ಮೂಸಿ, ಬೇಡವೆಂದು
ಮುಂದಿನ ತೋಟಕ್ಕೆ ನಡೆಯಿತಂತೆ.

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ
ನನ್ನ ಹೊಲಿಗೆ ಮಿಷನ್ನು, ಗೋಡೆಯಾಚೆ
ಮೊಯ್ದುವಿನ ಮೀನು.
ಜೂನ್ ತಿಂಗಳು. ಕಡಲಲ್ಲಿ ಬೋಟುಗಳಿಗೆ ರಜೆ,
ಮೀನು ಮೊಟ್ಟೆಯಿಡುವ ಕಾಲ, ಬಲೆ ಇಳಿಸುವಂತಿಲ್ಲ.
ಅಲ್ಲಿ ಮೀನಿಗೆ ಬಾಣಂತನ,
ಇಲ್ಲಿ ಘಟ್ಟದ ಮೇಲೆ
ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಉದ್ದದ
ಬಿಳಿ ಪೆಟ್ಟಿಗೆ ಖಾಲಿ.
"ಹಾಕು, ಹಾಕು" ಅಂದ ಮೊಯ್ದು,
"ವಾಸನೆ ಬಂದರೆ ನನ್ನ ಬೈಬೇಡ."

ರಾತ್ರಿಯೆಲ್ಲ ನಾನು, ಕೆಲಸ ಕಲಿಯಲು ಬರುವ ಪೂಂಗೊಡಿ.
ಅವಳು ಸೀಳಿ ಬೀಜ ತೆಗೆದು ಕಿಟಕಿಯಲ್ಲಿ ಸಾಲಿಟ್ಟಳು,
ನಾನು ಚಮಚದಿಂದ ಕೆರೆದು ಕಲಸಿದೆ.
ನಿಂಬೆ ಹಿಂಡು, ಹಿಂಡು, ಮುಗಿಯಿತು ನಿಂಬೆ.
ಕಾಚಂಪುಳಿಯ ಬಾಟಲಿ ತಂದು ನಿಂತಳು ಹುಡುಗಿ:
"ಇದೂ ಹುಳಿಯೇ ಅಲ್ವಾ ಅಕ್ಕ?"
ಕಪ್ಪಾಗದಿರಲೆಂದು ಕಪ್ಪನ್ನೇ ಸುರಿಯುವುದು!
ನಕ್ಕು ನಕ್ಕು ಸಾಕಾಗಿ
ಆದರೂ ಒಂದಕ್ಕೆ ಸುರಿದೇ ಬಿಟ್ಟೆವು.

ಕವರಿಗೆ ತುಂಬಿ, ಅಂಗೈಯಲ್ಲಿ ಒತ್ತಿ ಒತ್ತಿ
ಒಳಗಿನ ಗಾಳಿಯೆಲ್ಲ ಹೊರಗಟ್ಟಿ,
ಬಾಯಿಗೆ ಹಳೆಯ ಪೇಪರು ಹಾಸಿ
ಇಸ್ತ್ರಿಪೆಟ್ಟಿಗೆ ಎಳೆದೆ.
ಗೆರೆ ಕೂತಿತು, ಲಂಗದ ಅಂಚಿನ ಹಾಗೆ.
ತಾರೀಖು ಬರೆದ ಸೀಮೆಸುಣ್ಣ ನಿಲ್ಲಲಿಲ್ಲ,
ಚಿಂದಿ ಬಟ್ಟೆಯ ಮೇಲೆ ಪೆನ್ನಲ್ಲಿ ಬರೆದು
ಒಂದೊಂದಕ್ಕೂ ಒಂದೊಂದು ಹೊಲಿಗೆ.
ಮೂವತ್ತೊಂದು.

ಜುಲೈಯಲ್ಲಿ ಕಂಬ ಬಿದ್ದು ಮೂರು ದಿನ ಕರೆಂಟಿಲ್ಲ.
ಪೆಟ್ಟಿಗೆಯ ಮುಚ್ಚಳ ಯಾರೂ ಎತ್ತಕೂಡದು.
ಗೋಣಿ ಹೊದಿಸಿದ ಮೊಯ್ದು, ಕಂಬಳಿ ಹೊದಿಸಿದೆ ನಾನು,
ಸಾಲದೆಂದು ಪೂಂಗೊಡಿ
ಚೋಂದವ್ವನ ಅಳಿಯನ ಅರ್ಧ ಹೊಲಿದ ಕುಪ್ಯವನ್ನೂ ಹೊದಿಸಿದಳು.
ತೋಳಿಲ್ಲದ ಮದುಮಗನಂತೆ ಮಲಗಿತ್ತು
ಮೀನಂಗಡಿಯ ನಡುವೆ, ಕರಿ ಬಟ್ಟೆಯಲ್ಲಿ.
ಈ ವಿಷಯ ಅಳಿಯನಿಗೆ ಗೊತ್ತಿಲ್ಲ.

ಆಗಸ್ಟ್. "ನಾಳೆ ಮತ್ತಿ ಬರ್ತದೆ,
ನಿನ್ನ ಸಂಸಾರ ಖಾಲಿ ಮಾಡು."
ಹೋಳು ಮಾಡಿಟ್ಟಿದ್ದ ಎರಡು ಪಾಕೆಟ್
ಕರಗಿದ ಮೇಲೆ ಹೋಳಾಗಿ ಉಳಿಯಲಿಲ್ಲ,
ನೀರು ಬಿಟ್ಟು ಕುಸಿದವು.
ಕಲಸಿಟ್ಟದ್ದಕ್ಕೆ ಕಳೆದುಕೊಳ್ಳಲು ಆಕಾರವೇ ಇರಲಿಲ್ಲ,
ಹಸಿರಾಗಿ ಹಾಗೇ ಎದ್ದು ಬಂತು.

ಬೀದಿಗೆಲ್ಲ ಹಂಚಿದೆ. ಆಟೋದವರಿಗೆ,
ಮೆಡಿಕಲ್ ಶಾಪಿನ ಹುಡುಗನಿಗೆ,
ಪೂಂಗೊಡಿಯ ಲೈನಿನ ಒಂಬತ್ತು ಮನೆಗೆ.
ರವಿಕೆಯ ದುಡ್ಡು ತಂದ ಚೋಂದವ್ವನಿಗೆ
ಹಾಲು, ಸಕ್ಕರೆ ಹಾಕಿ ಮಿಕ್ಸಿ ತಿರುಗಿಸಿ ಕೊಟ್ಟೆ.
"ಈಗೆಲ್ಲಿ ಸಿಕ್ಕಿತು? ನಮ್ಮ ಮರದಲ್ಲಿ ಮುಗಿದು ತಿಂಗಳಾಯ್ತಲ್ಲ!"
ನಿಮ್ಮದೇ, ಅಂದೆ.
ಇನ್ನೊಂದು ಗುಟುಕು ಹೀರಿ
ನನ್ನನ್ನು, ಗೋಡೆಯನ್ನು, ಮತ್ತೆ ಲೋಟವನ್ನು ನೋಡಿದರು:
"ಚೂರು ಕಡಲಿನ ವಾಸನೆ."
ಆದರೂ ಲೋಟ ಖಾಲಿ ಮಾಡಿಯೇ ಇಟ್ಟರು.

ಕಾಚಂಪುಳಿಯ ಪಾಕೆಟ್ ಒಂದು
ಇನ್ನೂ ಮತ್ತಿಯ ರಾಶಿಯ ತಳದಲ್ಲಿದೆ.
ಚಿಂದಿಯ ಮೇಲೆ ಪೂಂಗೊಡಿಯ ಅಕ್ಷರ, ಜೂನ್ ಹತ್ತೊಂಬತ್ತು.
ಮೊಯ್ದು ದಿನಾ ಕೇಳುತ್ತಾನೆ.
ತೆರೆದು ನೋಡಲು
ಇಬ್ಬರಿಗೂ ಧೈರ್ಯ ಬಂದಿಲ್ಲ.